ಕೋಚ್ ಬದಲಾದ ಕಟ್ಟಡದಲ್ಲಿ

ಬಾಗಿಲಿಗೆ ತೀರ ಹತ್ತಿರದ ಪಾರ್ಕಿಂಗ್ ಜಾಗದಲ್ಲಿ 'ಹೆಡ್ ಕೋಚ್' ಎಂಬ ಫಲಕವಿತ್ತು. ಹುದ್ದೆ ಮಾತ್ರ, ಹೆಸರಿರಲಿಲ್ಲ. ಮೊದಲು ಹೆಸರಿದ್ದು ಈಗ ತೆಗೆದಿದ್ದಾರೋ, ಮೊದಲಿನಿಂದಲೂ ಹೀಗೆಯೇ ಇತ್ತೋ ಗೊತ್ತಾಗಲಿಲ್ಲ. ಫಲಕದ ಮೊಳೆಗಳು ಮಾತ್ರ ಹೊಸದಾಗಿ ಕಂಡವು.

ಇದು ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ವಿಶ್ವವಿದ್ಯಾಲಯದ ಊರು. ನನ್ನನ್ನು ಕರೆದುಕೊಂಡು ಹೋದವನು ಸಾಗರದ ಕಡೆಯ ನನ್ನ ಸ್ನೇಹಿತರೊಬ್ಬರ ಮಗ. ಇಲ್ಲಿ ಎಂ.ಎಸ್. ಓದುತ್ತಾ ಫುಟ್‌ಬಾಲ್ ತಂಡದ ವಿಡಿಯೊ ವಿಭಾಗದಲ್ಲಿ ಕೆಲಸ ಮಾಡುತ್ತಾನೆ. ವಿದೇಶಿ ವಿದ್ಯಾರ್ಥಿಗಳಿಗೆ ತರಗತಿ ನಡೆಯುವ ಅವಧಿಯಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ದುಡಿಯಲು ಅನುಮತಿಯಿದೆ, ಅದರಲ್ಲೇ ಇವನ ಊಟದ ಖರ್ಚು ನಡೆಯುತ್ತದೆ. ತಂಡ ಕೆಲವು ವರ್ಷಗಳಿಂದ ಸೋಲುತ್ತಲೇ ಬಂದಿತ್ತು. ನವೆಂಬರಿನಲ್ಲಿ ಹಳೆಯ ಕೋಚನ್ನು ತೆಗೆದರು, ಡಿಸೆಂಬರಿನಲ್ಲಿ ಹೊಸಬರು ಬಂದರು. ನಾನು ಹೋದದ್ದು ಫೆಬ್ರವರಿಯಲ್ಲಿ, ಆಟವಿಲ್ಲದ ಕಾಲದಲ್ಲಿ. "ಅಂಕಲ್, ಈಗಲೇ ನೋಡಬೇಕು. ಸೀಸನ್ ಶುರುವಾದರೆ ಒಳಗೆ ಬಿಡಲ್ಲ" ಅಂದಿದ್ದ.

ಇದು ನಾವು ಕಾಲಿನಲ್ಲಿ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ತೊಟ್ಟು, ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಮುನ್ನುಗ್ಗುವ ಆಟ. 10 ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಸಾಗಿದರೆ ಮತ್ತೆ ನಾಲ್ಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಕಾಲೇಜುಗಳ ನಡುವೆ 1869ರಲ್ಲಿ ಶುರುವಾದದ್ದು. ಸಾಮಾನ್ಯವಾಗಿ ವರ್ಷಕ್ಕೆ 12 ಪಂದ್ಯ. ಆರು ಗೆದ್ದರೆ 'ಬೌಲ್' ಎನ್ನುವ ಹೆಚ್ಚುವರಿ ಪಂದ್ಯಕ್ಕೆ ಅರ್ಹತೆ. ಆರನ್ನು ಮುಟ್ಟದ ವರ್ಷಗಳು ಸಾಲಾಗಿ ಬಂದರೆ ಕೋಚ್ ಹೋಗುತ್ತಾರೆ.

ಒಳಗೆ ಹೋದರೆ ಗಾಜಿನ ಕಪಾಟು, ಕಪ್‌ಗಳು, ಹಳೆಯ ಫೋಟೋಗಳು. ಇಂಥ ಕಟ್ಟಡಗಳಲ್ಲೆಲ್ಲ ಇರುವಂಥದ್ದೇ, ಹೆಚ್ಚು ನಿಲ್ಲಲಿಲ್ಲ. ಮೆಟ್ಟಿಲು ಹತ್ತಿ ಮೇಲಿನ ಓಣಿಗೆ ಬಂದಾಗ ಗೋಡೆಯ ಮೇಲೆ ಹಗುರ ಬಣ್ಣದ ಉದ್ದನೆಯ ಪಟ್ಟಿ ಕಂಡಿತು. ಹಳೆಯ ಕೋಚ್ ಬರೆಸಿದ್ದ ಘೋಷವಾಕ್ಯ ಅಲ್ಲಿತ್ತಂತೆ. ಹೊಸಬರ ವಾಕ್ಯ ಇನ್ನೂ ಬಂದಿರಲಿಲ್ಲ.

ಈ ಓಣಿಯಲ್ಲಿರುವುದು ಸಹಾಯಕ ಕೋಚ್‌ಗಳ ಕೋಣೆಗಳು. ಓಡುವವರಿಗೊಬ್ಬರು, ಚೆಂಡು ಹಿಡಿಯುವವರಿಗೊಬ್ಬರು, ಮುಂದಿನ ಸಾಲಿನಲ್ಲಿ ಗೋಡೆಯಂತೆ ನಿಲ್ಲುವ ದಢೂತಿ ಹುಡುಗರಿಗೊಬ್ಬರು. ಮುಖ್ಯ ಕೋಚ್ ಹೋದರೆ ಸಾಮಾನ್ಯವಾಗಿ ಇವರೂ ಹೋಗುತ್ತಾರೆ, ಹೊಸಬರು ತಮ್ಮ ಜನವನ್ನು ಕರೆತರುತ್ತಾರೆ. ಒಂದು ಕೋಣೆಯ ಮುಂದೆ ಟೇಪ್ ಸುತ್ತಿದ ರಟ್ಟಿನ ಪೆಟ್ಟಿಗೆಗಳಿದ್ದವು. ಒಂದರ ಮೇಲೆ ಮಗುವಿನ ಕೈಬರಹದಲ್ಲಿ 'ಅಪ್ಪನ ಆಫೀಸು' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಹೋಗುತ್ತಿರುವವರದೋ, ಬಂದವರದೋ? ಹುಡುಗನಿಗೂ ಗೊತ್ತಿರಲಿಲ್ಲ, ಕೇಳಲು ಅಲ್ಲಿ ಯಾರೂ ಇರಲಿಲ್ಲ. ಮುಖ್ಯ ಕೋಚ್‌ನ ಕರಾರು ಹಲವು ವರ್ಷದ್ದು. ಮಧ್ಯದಲ್ಲಿ ತೆಗೆದರೆ ಉಳಿದ ವರ್ಷಗಳ ಹಣವನ್ನು ಪೂರ್ತಿಯಾಗಿಯೋ ಬಹುಪಾಲೋ ಕೊಡಬೇಕು. 2023ರಲ್ಲಿ ಟೆಕ್ಸಾಸ್ ರಾಜ್ಯದ ಒಂದು ವಿಶ್ವವಿದ್ಯಾಲಯ ಹೀಗೆ ಒಬ್ಬರನ್ನು ಬಿಡಿಸಿ ಕಳಿಸಲು 7.5 ಕೋಟಿ ಡಾಲರಿಗೂ ಹೆಚ್ಚು ಒಪ್ಪಿಕೊಂಡಿತು. ಸಹಾಯಕರ ಕರಾರು ಅಷ್ಟು ದೊಡ್ಡದಲ್ಲ, ಅಷ್ಟು ಉದ್ದದ್ದೂ ಅಲ್ಲ. ಅವರು ಮನೆ ಮಾರಬೇಕು, ಮಕ್ಕಳ ಶಾಲೆ ಬಿಡಿಸಬೇಕು, ಬೇರೆ ರಾಜ್ಯಕ್ಕೆ ಗಂಟುಮೂಟೆ ಕಟ್ಟಬೇಕು. ಕೋಚ್ ಬದಲಾವಣೆ ಎಂದು ನಾವು ಓದುವಾಗ ಒಬ್ಬರ ಹೆಸರು ಕಾಣುತ್ತದೆ. ಈ ಓಣಿಯಲ್ಲಿ ನಿಂತರೆ ಎಷ್ಟು ಮನೆಗಳು ಅಲುಗಾಡುತ್ತವೆ ಎನ್ನುವುದು ಕಾಣುತ್ತದೆ.

ಪಕ್ಕದ್ದು ಪಾಠದ ಕೋಣೆ. ಬಿಳಿ ಹಲಗೆಯ ತುಂಬ ಗುಂಡು, ಗೆರೆ, ಬಾಣ. ಆಟದ ಒಂದೊಂದು ನಡೆಗೂ ಒಂದೊಂದು ಗುಪ್ತ ಹೆಸರು. ಹೊಸ ಕೋಚ್ ಬಂದರೆ ಈ ಹೆಸರುಗಳೆಲ್ಲ ಬದಲಾಗುತ್ತವೆ. ಓಟ ಅದೇ ಇರಬಹುದು, ಕೂಗು ಬೇರೆ. ಸಾಗರದ ಹುಡುಗ ಇದನ್ನು ನನಗೆ ಯಕ್ಷಗಾನದಲ್ಲಿ ಹೇಳಿದ: "ಮೇಳಕ್ಕೆ ಹೊಸ ಭಾಗವತರು ಬಂದ ಹಾಗೆ ಅಂಕಲ್. ವೇಷದವರು ಅವರೇ, ಪ್ರಸಂಗವೂ ಅದೇ. ಆದರೆ ಎತ್ತುಗಡೆ ಬೇರೆ, ಕಾಲ ಬೇರೆ. ಹೆಜ್ಜೆ ಕೂಡಲು ಸಮಯ ಬೇಕು." ಸಮಯ ಮೈದಾನದಲ್ಲಿ ಇನ್ನೂ ಕಡಿಮೆ. ಒಂದು ನಡೆ ಮುಗಿದು ಇನ್ನೊಂದು ಶುರುವಾಗಲು 40 ಸೆಕೆಂಡ್. 2024ರಿಂದ ದೊಡ್ಡ ತಂಡಗಳಲ್ಲಿ ಒಬ್ಬ ಆಟಗಾರನ ಹೆಲ್ಮೆಟ್ಟಿನೊಳಗೆ ಪುಟ್ಟ ಸ್ಪೀಕರ್ ಇಡಲು ಬಿಟ್ಟಿದ್ದಾರೆ. ಕೋಚ್ ಹೇಳಿದ್ದು ನೇರ ಕಿವಿಗೆ ಬೀಳುತ್ತದೆ. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಅದು ಕಟ್. ಅಷ್ಟರೊಳಗೆ ಹೊಸ ಹೆಸರು ಕೇಳಿ, ಹಳೆಯದನ್ನು ಮರೆತು, ಸಂಗಡಿಗರನ್ನು ನಿಲ್ಲಿಸಬೇಕಾದವನು ಇಪ್ಪತ್ತರ ಆಸುಪಾಸಿನ ಹುಡುಗ.

ಕೆಳಗಿಳಿದರೆ ಲಾಕರ್ ಕೋಣೆ. ಮರದ ಗೂಡುಗಳು ಸಾಲಾಗಿ ಗೋಡೆಗುಂಟ ತಿರುಗಿ ಬರುತ್ತವೆ, ಪ್ರತಿಯೊಂದರ ಮೇಲೂ ಹೆಸರಿನ ಪಟ್ಟಿ. ಹಲವು ಪಟ್ಟಿಗಳು ಖಾಲಿ. ಓದು ಮುಗಿಸಿದವರು ಕೆಲವರು, ಬಿಟ್ಟುಹೋದವರು ಇನ್ನೂ ಹಲವರು. ಹಿಂದೆಲ್ಲ ಕಾಲೇಜು ಬದಲಿಸಿದ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ಆ ನಿಯಮ ಸಡಿಲವಾಯಿತು, 2024ರಲ್ಲಿ ಎಷ್ಟು ಸಲವಾದರೂ ಹೋಗಬಹುದೆಂದಾಯಿತು. ಕೋಚ್ ಹೋದರೆ ಆ ತಂಡದ ಹುಡುಗರಿಗೆ ಬೇರೆ ಕಡೆ ಹೋಗಲು ಪ್ರತ್ಯೇಕ ಅವಧಿಯೇ ಇದೆ. 2025ರ ಜುಲೈನಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಎಲ್ಲ ಆಟಗಳೂ ಸೇರಿ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ. ಈ ವ್ಯವಸ್ಥೆ ಒಪ್ಪಿಕೊಂಡ ಕಾಲೇಜುಗಳಲ್ಲಿ ಫುಟ್‌ಬಾಲ್ ತಂಡಕ್ಕೆ 105 ಜನರ ಮಿತಿಯೂ ಬಂದಿದೆ.

ಹುಡುಗರು ಹೋಗುವುದನ್ನು ನಾನು ತಪ್ಪೆನ್ನಲಾರೆ. ಮನೆಗೆ ಬಂದು, ತಾಯಿಯ ಎದುರು ಕೂತು, ನಿಮ್ಮ ಮಗನನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟ ಕೋಚ್ ಈಗ ಇಲ್ಲ. ಮಾತು ಕೊಟ್ಟವರೇ ಹೋದ ಮೇಲೆ ಹುಡುಗನೊಬ್ಬನೇ ಕಟ್ಟುಬಿದ್ದಿರಬೇಕು ಎಂದರೆ ಯಾವ ನ್ಯಾಯ? ಆದರೆ ಉಳಿದವರ ಕಷ್ಟವೂ ಕಣ್ಣೆದುರಿಗಿತ್ತು. ಒಂದು ಗೂಡಿನಲ್ಲಿ ಶೂ, ಬೈಬಲ್, ಕೆಮಿಸ್ಟ್ರಿ ಪುಸ್ತಕ ಇದ್ದವು. ಎಡಬಲದ ಗೂಡುಗಳೆರಡೂ ಖಾಲಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತದ್ದು ಸಾಮಾನಿನ ಕೋಣೆಯಲ್ಲಿ. ದೊಡ್ಡ ದೊಡ್ಡ ವಾಷಿಂಗ್ ಮೆಷಿನ್‌ಗಳ ಸದ್ದು, ಸೋಪಿನ ವಾಸನೆ. ನಡುವೆ ಅರವತ್ತು ದಾಟಿದ ಒಬ್ಬರು ಬಟ್ಟೆ ಪೋಣಿಸುತ್ತಿದ್ದರು. ಪೋಣಿಸುವುದು ಎಂದೇ ಹೇಳಬೇಕು. ಅಗಲವಾದ ಗಟ್ಟಿ ಪಟ್ಟಿ, ತುದಿಯಲ್ಲಿ ಕೊಕ್ಕೆ, ಅದರ ಮೇಲೆ ಆಟಗಾರನ ನಂಬರು. ಬನಿಯನ್, ಚಡ್ಡಿ, ಕಾಲುಚೀಲ ಎಲ್ಲವನ್ನೂ ಅದಕ್ಕೆ ಸಿಕ್ಕಿಸಿ ಕೊಕ್ಕೆ ಹಾಕಿ, ಹಾಗೆಯೇ ಮೆಷಿನ್ನಿಗೆ. ನೂರು ಜನರ ಕಾಲುಚೀಲ ಒಟ್ಟಿಗೆ ಒಗೆದರೂ ಒಂದೂ ಅದಲುಬದಲಾಗುವುದಿಲ್ಲ. ಅವರ ಕೈಯಲ್ಲಿದ್ದ ಪಟ್ಟಿಯ ನಂಬರು ಅರ್ಧ ಮಾಸಿತ್ತು. ಈ ನಂಬರಿನವನು ಹೋದ, ಮುಂದಿನ ವಾರ ಇದೇ ನಂಬರಿಗೆ ಬೇರೆಯವನು ಬರುತ್ತಾನೆ ಎಂದರು. ಬಂದವನ ತಲೆ ಅಳೆಯಬೇಕು, ಹೆಲ್ಮೆಟ್ಟಿನ ಒಳಮೆತ್ತೆ ಸರಿಹೊಂದಿಸಬೇಕು, ಗಲ್ಲದ ಪಟ್ಟಿ ಬಿಗಿ ನೋಡಬೇಕು. ಹೆಲ್ಮೆಟ್ ಸ್ವಲ್ಪ ಸಡಿಲವಾದರೂ ಪೆಟ್ಟು ತಲೆಗೆ, ಆ ಕೆಲಸವನ್ನು ಯಾರಿಗೂ ವಹಿಸುವುದಿಲ್ಲ ಎಂದು ತಾವು ಅಳತೆ ಬರೆದುಕೊಳ್ಳುವ ಪುಸ್ತಕ ತೋರಿಸಿದರು. ಹಲವು ಕೋಚ್‌ಗಳನ್ನು ಕಂಡವರು. ಯಾರು ಒಳ್ಳೆಯವರಿದ್ದರು ಎಂದು ಕೇಳಿದೆ. ಉತ್ತರ ಕೊಡದೆ ಇನ್ನೊಂದು ಪಟ್ಟಿ ಎತ್ತಿಕೊಂಡರು. ನಾನೂ ಒತ್ತಾಯಿಸಲಿಲ್ಲ.

ಪಕ್ಕದಲ್ಲೇ ಚಿಕಿತ್ಸೆಯ ಕೋಣೆ: ಮಂಜುಗಡ್ಡೆಯ ತೊಟ್ಟಿಗಳು, ಎತ್ತರದ ಮೇಜುಗಳು, ಹಿಮ್ಮಡಿಗೆ ಸುತ್ತುವ ಬಿಳಿ ಟೇಪಿನ ರಾಶಿ. ಇಲ್ಲಿನವರು ಹಳಬರೇ ಉಳಿದಿದ್ದಾರೆ ಎಂದು ಕೇಳಿ ಸಮಾಧಾನವಾಯಿತು. ಗಾಯಗೊಂಡ ಹುಡುಗ ಮತ್ತೆ ಆಡಬಹುದೇ ಎಂಬ ತೀರ್ಮಾನ ವೈದ್ಯಕೀಯ ಸಿಬ್ಬಂದಿಯದೇ ಆಗಿರಬೇಕು, ಕೋಚ್‌ನದಲ್ಲ ಎಂಬುದು ದೊಡ್ಡ ಕಾಲೇಜುಗಳಲ್ಲಿ ನಿಯಮ. ಗೆಲ್ಲಲೇಬೇಕಾದ ಹೊಸ ಕೋಚ್ ಬಂದಾಗ ಆ ನಿಯಮಕ್ಕೆ ಬೆಲೆ ಹೆಚ್ಚು.

ಸುರಂಗದಂಥ ದಾರಿ ದಾಟಿ ಮೈದಾನಕ್ಕೆ ಬಂದೆವು. ಕೃತಕ ಹುಲ್ಲು, ಅದರ ಸಂದಿಯಲ್ಲಿ ರಬ್ಬರಿನ ಕಪ್ಪು ಕಾಳುಗಳು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಶೂಗೆ ಮೆತ್ತಿಕೊಂಡವು. ಎರಡೂ ಕಡೆ ಅಲ್ಯುಮಿನಿಯಂ ಬೆಂಚುಗಳು ಮೇಲೆ ಮೇಲೆ ಏರಿದ್ದವು. ಮಾರ್ಚ್-ಏಪ್ರಿಲ್‌ನಲ್ಲಿ ಇಲ್ಲಿ ವಸಂತದ ಅಭ್ಯಾಸ, ನಿಯಮದ ಪ್ರಕಾರ 15 ದಿನ ಮಾತ್ರ. ಹೊಸ ಕೋಚ್ ಪ್ರತಿ ನಡೆಯನ್ನೂ ಪಕ್ಕದಿಂದಲೂ ಹಿಂದಿನಿಂದಲೂ ಚಿತ್ರೀಕರಿಸಲು ಹೇಳಿದ್ದಾರಂತೆ. ಹುಡುಗನ ಮುಖದಲ್ಲಿ ಉತ್ಸಾಹವಿತ್ತು.

ತಂಡ ಗೆಲ್ಲತೊಡಗಲು ಎಷ್ಟು ವರ್ಷ ಕಾಯಬೇಕು ಎಂದು ಅವನನ್ನೇ ಕೇಳಿದೆ. ಈ ವರ್ಷವೇ ಆಗಬಹುದು ಎಂದ. ಅವನ ಕಣ್ಣೆದುರು ಇಂಡಿಯಾನಾ ರಾಜ್ಯದ ಒಂದು ತಂಡವಿದೆ. 2023ರಲ್ಲಿ ಮೂರೇ ಪಂದ್ಯ ಗೆದ್ದಿತ್ತು. ಹೊಸ ಕೋಚ್ ತಮ್ಮ ಹಳೆಯ ಕಾಲೇಜಿನಿಂದ ಹತ್ತಕ್ಕೂ ಹೆಚ್ಚು ಆಟಗಾರರನ್ನು ಜೊತೆಗೆ ಕರೆತಂದರು, 2024ರಲ್ಲಿ 11 ಗೆದ್ದರು. ನನಗೆ ನೆನಪಾದದ್ದು ಶಿಕಾಗೊ ಪಕ್ಕದ ಇನ್ನೊಂದು ತಂಡ. 1979ರಿಂದ 1982ರವರೆಗೆ ಸತತ 34 ಪಂದ್ಯ ಸೋತಿತ್ತು. ಅದನ್ನು ಮೇಲೆತ್ತಿದ ಕೋಚ್ ಬಂದದ್ದು 1992ರಲ್ಲಿ. ಮೊದಲ ಮೂರು ವರ್ಷ ಗೆಲುವಿಗಿಂತ ಸೋಲೇ ಹೆಚ್ಚು. ನಾಲ್ಕನೆಯ ವರ್ಷ, 1995ರಲ್ಲಿ, ಲೀಗ್ ಗೆದ್ದರು. ಇಂದಾಗಿದ್ದರೆ ಆ ನಾಲ್ಕನೆಯ ವರ್ಷ ಅವರಿಗೆ ಸಿಗುತ್ತಿತ್ತೇ? ಸಿಗುತ್ತಿರಲಿಲ್ಲ ಎಂದೇ ನನ್ನ ಅನುಮಾನ. ಇಂಡಿಯಾನಾದ ಪವಾಡ ಎಲ್ಲ ಊರುಗಳ ತಾಳ್ಮೆಯನ್ನೂ ಕಡಿಮೆ ಮಾಡಿದೆ. ಕಟ್ಟುವ ಕೆಲಸಕ್ಕೆ ವರ್ಷಗಳೇ ಬೇಕು ಎಂಬುದು ಈಗಲೂ ನನ್ನ ನಂಬಿಕೆ.

ಹೊರಗೆ ಬರುವಾಗ ಟಿಕೆಟ್ ಕಿಟಕಿಯ ಹತ್ತಿರ ಹುಡುಗ ತನ್ನ ಫೋನಿನಲ್ಲಿ ಈ ಸೆಮಿಸ್ಟರಿನ ಫೀಸಿನ ವಿವರ ತೆಗೆದು ತೋರಿಸಿದ. ಗ್ರಂಥಾಲಯ, ಆರೋಗ್ಯ, ಬಸ್, ಅದರ ಕೆಳಗೆ ಕ್ರೀಡಾ ವಿಭಾಗದ ಶುಲ್ಕ. ಟಿ.ವಿ. ಹಣ ಹರಿದುಬರುವ ಕೆಲವು ದೊಡ್ಡ ಕಾಲೇಜುಗಳನ್ನು ಬಿಟ್ಟರೆ, ಆಟದ ಖರ್ಚಿನ ದೊಡ್ಡ ಪಾಲು ವಿಶ್ವವಿದ್ಯಾಲಯದ ನೆರವಿನಿಂದಲೂ ಇಂಥ ಶುಲ್ಕದಿಂದಲೂ ಬರುತ್ತದೆ. ಪಂದ್ಯ ನೋಡದವರೂ ಕಟ್ಟಬೇಕು. ಹೋದ ಕೋಚ್‌ಗೆ ಇನ್ನೆಷ್ಟು ವರ್ಷ, ಎಷ್ಟು ಹಣ ಸಲ್ಲುತ್ತದೆ ಎಂಬ ಸಾಲು ಮಾತ್ರ ಆ ವಿವರದಲ್ಲಿ ಇರಲಿಲ್ಲ. ಇರಬೇಕು. ಹುಡುಗರ ಕೈಯಿಂದ ಹಣ ತೆಗೆದುಕೊಳ್ಳುವವರು ಅದು ಎಲ್ಲಿಗೆ ಹೋಗುತ್ತದೆ ಎಂದು ಅದೇ ಕಾಗದದಲ್ಲಿ ಬರೆಯಬೇಕು.