ತೆಂಗಿನ ನಾಡಿನ ಮಗುವಿಗೂ ಒಂದು ಸೊಪ್ಪಿನ ಮಡಿ

ಕಲ್ಲೇಶ್ವರ ದೇವಾಲಯದಿಂದ ಹೆಸರಾದ ಅರಳಗುಪ್ಪೆಯ ಸುತ್ತಲೂ ತೆಂಗಿನ ತೋಟಗಳೇ. ಇಂಥ ಊರಿನ ಮಕ್ಕಳಿಗೆ ಶಾಲೆಯಲ್ಲಿ ಕೈತೋಟವೇಕೆ ಎಂಬ ಪ್ರಶ್ನೆ ಸಹಜ. ಆದರೆ ತೆಂಗು ಹಿರಿಯರ ಬೆಳೆ. ತಿಪಟೂರು ಸೀಮೆಯ ಎತ್ತರದ ತಳಿ ಫಲ ಕೊಡಲು ಆರೇಳು ವರ್ಷ ಬೇಕು. ಕಾಯಿ ಅಟ್ಟದಲ್ಲಿ ಉಂಡೆ ಕೊಬ್ಬರಿಯಾಗಲು ಮತ್ತೆ ತಿಂಗಳುಗಟ್ಟಲೆ. ಒಂದನೇ ತರಗತಿಯಲ್ಲಿ ನೆಟ್ಟ ಸಸಿ ಹೊಂಬಾಳೆ ಬಿಡುವ ಹೊತ್ತಿಗೆ ಮಗು ಶಾಲೆಯನ್ನೇ ಬದಲಿಸಿರಬಹುದು. ಮೆಂತ್ಯ ಹಾಗಲ್ಲ: ವಾರದೊಳಗೆ ಮೊಳಕೆ, ತಿಂಗಳ ಸುಮಾರಿಗೆ ಕೊಯ್ಲು. ತನ್ನ ದುಡಿಮೆಗೂ ಅದರ ಫಲಕ್ಕೂ ಇರುವ ನಂಟನ್ನು ಮಗು ಕಣ್ಣಾರೆ ಕಾಣುತ್ತದೆ.

ಜರ್ಮನಿಯ ಫ್ರೋಬೆಲ್ 1840ರಲ್ಲಿ ತಮ್ಮ ಶಿಶುಶಾಲೆಗೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ಪ್ರತಿ ಮಗುವಿಗೂ ಸ್ವಂತದ ಮಡಿ ಇರಬೇಕೆಂದರು. ನಾವು ಹೆಸರನ್ನಷ್ಟೇ ಉಳಿಸಿಕೊಂಡು ತೋಟಕ್ಕೆ ಸಿಮೆಂಟು ಹಾಸಿದೆವು.

ಚಿಕಿತ್ಸೆಯ ಮಾತಿಗೆ ಬಂದರೆ, ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ತೋಟಗಾರಿಕೆಯೂ ಒಂದು ತರಬೇತಿ. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಗಮನದ ಕೊರತೆಯುಳ್ಳ 17 ಮಕ್ಕಳು ಉದ್ಯಾನದಲ್ಲಿ 20 ನಿಮಿಷ ನಡೆದ ಬಳಿಕ, ಪೇಟೆಬೀದಿಯಲ್ಲಿ ನಡೆದಾಗಿನದಕ್ಕಿಂತ ಹೆಚ್ಚಿನ ಏಕಾಗ್ರತೆ ತೋರಿದರು. 17 ಸಣ್ಣ ಸಂಖ್ಯೆ; ನಡಿಗೆಯೂ ಬೇಸಾಯವೂ ಒಂದೇ ಅಲ್ಲ. ವೈದ್ಯರ ಬದಲಿಗೆ ತೋಟ ಸಾಕೆಂದು ಯಾರೂ ಭ್ರಮಿಸಬೇಕಾಗಿಲ್ಲ.

ಕೇಂದ್ರ ಸರ್ಕಾರ 2019ರಲ್ಲೇ ಶಾಲಾ ಪೌಷ್ಟಿಕ ಕೈತೋಟಗಳಿಗೆ ಮಾರ್ಗಸೂಚಿ ಹೊರಡಿಸಿದೆ. ತೊಡಕಿರುವುದು ಏಪ್ರಿಲ್-ಮೇ ರಜೆಯಲ್ಲಿ, ಆಗ ನೀರುಣಿಸುವವರಿಲ್ಲ. ಇನ್ನೊಂದು, ತಡವಾಗಿ ಬಂದವನಿಗೆ ಗಿಡಕ್ಕೆ ನೀರು ಹೊರುವುದೇ ಶಿಕ್ಷೆಯಾದರೆ (ಅಂಥ ಶಾಲೆಗಳೂ ಉಂಟು) ಅವನು ಮಣ್ಣನ್ನು ದ್ವೇಷಿಸುವುದನ್ನಷ್ಟೇ ಕಲಿತಾನು. ಮುಂಗಾರಿಗೆ ಬಿತ್ತಿ ಮಾರ್ಚ್ ಒಳಗೆ ಮುಗಿಯುವ ಸೊಪ್ಪು, ಅವರೆ ಸಾಕು. ಮಡಿಗೆ ಮಗುವಿನ ಹೆಸರಿರಲಿ, ಕಿತ್ತ ಸೊಪ್ಪು ಅಂದೇ ಬಿಸಿಯೂಟದ ಸಾರಿಗೆ ಬೀಳಲಿ.