ಹಂದಿಯ ಕರುಳಲ್ಲಿ ಸಿಕ್ಕ ಜೀನ್

ಆರೋಗ್ಯವಾಗಿರುವ ಪ್ರಾಣಿಯ ಮಾಂಸಖಂಡದ ಒಳಗೆ ಬ್ಯಾಕ್ಟೀರಿಯಾಗಳು ಹೆಚ್ಚುಕಡಿಮೆ ಇರುವುದೇ ಇಲ್ಲ. ಅವು ಮನೆಮಾಡಿರುವುದು ಕರುಳಿನಲ್ಲಿ, ಚರ್ಮದ ಮೇಲೆ, ಗೊರಸಿನ ಸಂದಿಯಲ್ಲಿ, ಪುಕ್ಕದ ಬುಡದಲ್ಲಿ. ಪ್ರಾಣಿಯನ್ನು ಕೊಯ್ದು, ಹೊಟ್ಟೆ ಸೀಳಿ ಕರುಳು ಹೊರತೆಗೆಯುವಾಗ ಕತ್ತಿಯ ಮೊನೆ ಚೂರು ತಾಗಿದರೂ ಒಳಗಿದ್ದದ್ದು ಮಾಂಸಕ್ಕೆ ಮೆತ್ತಿಕೊಳ್ಳುತ್ತದೆ. ಕೋಳಿಯಲ್ಲಿ ಇದು ಇನ್ನೂ ಸುಲಭ. ಪುಕ್ಕ ಸಡಿಲವಾಗಲೆಂದು ಒಂದಾದ ಮೇಲೊಂದರಂತೆ ಕೋಳಿಗಳನ್ನು ಅದೇ ಬಿಸಿನೀರಿನಲ್ಲಿ ಅದ್ದುತ್ತಾರೆ. ಪುಕ್ಕ ಕೀಳುವ ಯಂತ್ರದ ರಬ್ಬರ್ ಬೆರಳುಗಳು ಒಂದರ ಕೊಳೆಯನ್ನು ಇನ್ನೊಂದಕ್ಕೆ ಸವರುತ್ತವೆ. ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್, ಇ. ಕೊಲೈ ಇವೆಲ್ಲ ಮಾಂಸದೊಡನೆ ನಮ್ಮ ಅಡುಗೆಮನೆಗೆ ಬರುವುದು ಹೀಗೆ. ಈ ದಾರಿ ಹಳೆಯದು. ಈಗಿನ ಚಿಂತೆ ಬೇರೆ: ಹೀಗೆ ಬರುವ ಬ್ಯಾಕ್ಟೀರಿಯಾಗಳಲ್ಲಿ ಹಲವು ಔಷಧಿಗೆ ಜಗ್ಗದಂಥವಾಗಿವೆ.

2013ರ ಜುಲೈನಲ್ಲಿ ಚೀನಾದ ಶಾಂಘೈನ ದೊಡ್ಡ ಫಾರಂ ಒಂದರ ಹಂದಿಯಿಂದ ವಿಜ್ಞಾನಿಗಳು ಒಂದು ಇ. ಕೊಲೈ ತಳಿಯನ್ನು ಬೇರ್ಪಡಿಸಿದರು. ಸಾಕುಪ್ರಾಣಿಗಳ ಬ್ಯಾಕ್ಟೀರಿಯಾಗಳ ಮೇಲೆ ಕಣ್ಣಿಡುವ ಎಂದಿನ ಕೆಲಸವದು. ಆದರೆ ಈ ತಳಿ ಕೊಲಿಸ್ಟಿನ್‌ಗೆ ಸಾಯಲಿಲ್ಲ. ಸಾಯದಿರುವ ಆ ಗುಣವನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟಿಸಿತು.

ಕೊಲಿಸ್ಟಿನ್ ಎಂಥ ಔಷಧಿ ಎಂದು ತಿಳಿದರೆ ಇದರ ತೂಕ ಅರ್ಥವಾಗುತ್ತದೆ. ಜಪಾನಿನಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಪಡೆದ ಈ ಪ್ರತಿಜೀವಕ 1950ರ ದಶಕದ ಕೊನೆಗೆ ಬಳಕೆಗೆ ಬಂತು. ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು ಮುಂದೆ ವೈದ್ಯರು ಅದನ್ನು ಬದಿಗಿಟ್ಟರು. ಆಮೇಲೆ ಕಾರ್ಬಪೆನೆಮ್‌ನಂಥ ಪ್ರಬಲ ಔಷಧಿಗಳೂ ಸೋಲತೊಡಗಿದಾಗ, ತೀವ್ರ ನಿಗಾ ಘಟಕದ ರೋಗಿಗೆ ಕೊಡಲು ಬೇರೇನೂ ಉಳಿಯದೆ ಅದನ್ನೇ ಮತ್ತೆ ಕೈಗೆತ್ತಿಕೊಂಡರು. ಆಸ್ಪತ್ರೆಗೆ ಅದು ಕಟ್ಟಕಡೆಯ ಔಷಧಿ. ಅದೇ ಹೊತ್ತಿನಲ್ಲಿ ಫಾರಂಗಳಲ್ಲಿ ಅದು ಮೇವಿನಲ್ಲಿ ಬೆರೆಸುವ ಅಗ್ಗದ ಪುಡಿಯಾಗಿತ್ತು. ಕಾಯಿಲೆ ಇಲ್ಲದ ಹಂದಿ, ಕೋಳಿಗಳಿಗೂ ಬೇಗ ತೂಕ ಬರಲೆಂದು ತಿನ್ನಿಸುತ್ತಿದ್ದರು. ಮೇವಿಗೆ ಪ್ರತಿಜೀವಕ ಬೆರೆಸುವ ರೂಢಿ ಶುರುವಾದದ್ದು ಅಮೆರಿಕದಲ್ಲಿ. ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಲೆಡರ್ಲೆ ಕಂಪನಿಯ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಕೋಳಿಮರಿಗಳಿಗೆ ಬೇಕಾದ ವಿಟಮಿನ್ ಹುಡುಕುತ್ತಿದ್ದರು. ಆರಿಯೋಮೈಸಿನ್ ಎಂಬ ಪ್ರತಿಜೀವಕ ತಯಾರಿಸಿದ ಮೇಲೆ ಉಳಿದ ಗಷ್ಟು ತಿಂದ ಮರಿಗಳು ಉಳಿದವಕ್ಕಿಂತ ಬೇಗ ಬೆಳೆದದ್ದು ಅವರಿಗೆ ಕಂಡಿತು. ಒಂದು ಚಿಟಿಕೆ ಪ್ರತಿಜೀವಕದಿಂದ ತೂಕ ಏರುತ್ತದೆ ಎಂಬ ಆ ತಿಳಿವಳಿಕೆ ಲೋಕದ ಫಾರಂಗಳಿಗೆಲ್ಲ ಹಬ್ಬಿತು.

ಆ ಚಿಟಿಕೆಯ ಪ್ರಮಾಣದಲ್ಲೇ ತೊಂದರೆ ಇರುವುದು. ಸಣ್ಣ ಪ್ರಮಾಣದ ಔಷಧಿ ದಿನವೂ ಕರುಳಿಗೆ ಇಳಿದರೆ ಸೊರಗುವ ಬ್ಯಾಕ್ಟೀರಿಯಾಗಳು ಸಾಯುತ್ತವೆ, ತಾಳಿಕೊಳ್ಳಬಲ್ಲವು ಉಳಿದು ಜಾಗ ತುಂಬುತ್ತವೆ. ಕೊಲಿಸ್ಟಿನ್ ಧನವಿದ್ಯುದಂಶವುಳ್ಳ ಅಣು. ಇ. ಕೊಲೈ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ಋಣವಿದ್ಯುದಂಶ ಹೆಚ್ಚು. ಅದಕ್ಕೇ ಔಷಧಿ ಪೊರೆಗೆ ಅಂಟಿ ಅದನ್ನು ಒಡೆಯುತ್ತದೆ. ಶಾಂಘೈ ತಳಿಯಲ್ಲಿದ್ದ ಜೀನ್ ತಯಾರಿಸುವ ಕಿಣ್ವ ಪೊರೆಗೆ ಇನ್ನೊಂದು ಅಣುವನ್ನು ತಗುಲಿಸಿ ಆ ಋಣ ಅಂಶವನ್ನು ತಗ್ಗಿಸುತ್ತದೆ. ಔಷಧಿಗೆ ಹಿಡಿತ ಸಿಗುವುದಿಲ್ಲ. ಜೀನ್‌ಗೆ ಎಂಸಿಆರ್-1 ಎಂದು ಹೆಸರಿಟ್ಟರು. ಇದಕ್ಕೆ ಮೊದಲು ತಿಳಿದಿದ್ದ ಕೊಲಿಸ್ಟಿನ್ ನಿರೋಧವೆಲ್ಲ ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎಯಲ್ಲಿ ಆದ ಬದಲಾವಣೆ; ಅದು ತಾಯಿಕೋಶದಿಂದ ಮರಿಕೋಶಕ್ಕೆ ಮಾತ್ರ ಹೋಗುತ್ತಿತ್ತು. ಎಂಸಿಆರ್-1 ಇದ್ದದ್ದು ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ಬಳೆಯಲ್ಲಿ. ಬ್ಯಾಕ್ಟೀರಿಯಾಗಳು ಒಂದಕ್ಕೊಂದು ತಾಗಿಕೊಂಡು ಇಂಥ ಬಳೆಗಳ ಪ್ರತಿಯನ್ನು ಕೊಟ್ಟು ಪಡೆಯುತ್ತವೆ.

ಸಂಶೋಧಕರು 2011ರಿಂದ 2014ರವರೆಗಿನ ಮಾದರಿಗಳಲ್ಲಿ ಈ ಜೀನನ್ನು ಹುಡುಕಿದರು. ಕಸಾಯಿಖಾನೆಗೆ ಬಂದ ಹಂದಿಗಳಲ್ಲಿ ಪರೀಕ್ಷಿಸಿದ 804ರ ಪೈಕಿ 166ರಲ್ಲಿ ಸಿಕ್ಕಿತು. ಮಾರುಕಟ್ಟೆಯ 523 ಹಸಿಮಾಂಸದ ಮಾದರಿಗಳಲ್ಲಿ 78ರಲ್ಲಿ. ಆಸ್ಪತ್ರೆ ಸೇರಿದ ರೋಗಿಗಳ 1322 ಮಾದರಿಗಳಲ್ಲಿ 16ರಲ್ಲಿ. ಆ ಹದಿನಾರರಲ್ಲಿ ಮೂರು ಇ. ಕೊಲೈ ಅಲ್ಲ, ಕ್ಲೆಬ್ಸಿಯೆಲ್ಲಾ ಎಂಬ ಬೇರೆಯೇ ಬ್ಯಾಕ್ಟೀರಿಯಾ. ಪ್ರಾಣಿಯಲ್ಲಿ ಹೆಚ್ಚು, ಮಾಂಸದಲ್ಲಿ ಅದಕ್ಕಿಂತ ಕಡಿಮೆ, ಮನುಷ್ಯರಲ್ಲಿ ತೀರ ಕಡಿಮೆ. ಆ ವರ್ಷಗಳಲ್ಲಿ ಚೀನಾದ ಆಸ್ಪತ್ರೆಗಳು ರೋಗಿಗಳಿಗೆ ಕೊಲಿಸ್ಟಿನ್ ಕೊಡುತ್ತಲೇ ಇರಲಿಲ್ಲ. ರೋಗಿ ಒಮ್ಮೆಯೂ ನುಂಗದ ಔಷಧಿಗೆ ಅವನ ಮೈಯ ಬ್ಯಾಕ್ಟೀರಿಯಾ ಸಿದ್ಧವಾಗಿತ್ತು. ಇದನ್ನು ಓದಿದಾಗಿನ ದಿಗಿಲು ನನಗೆ ಇನ್ನೂ ಇಳಿದಿಲ್ಲ.

2015ರ ನವೆಂಬರ್‌ನಲ್ಲಿ ವರದಿ ಪ್ರಕಟವಾದ ಕೂಡಲೆ ಬೇರೆ ದೇಶಗಳು ತಮ್ಮ ಹಳೆಯ ಸಂಗ್ರಹಗಳನ್ನು ತಡಕಿದವು. ಡೆನ್ಮಾರ್ಕಿನಲ್ಲಿ ಒಬ್ಬ ರೋಗಿಯ ರಕ್ತದಿಂದ ತೆಗೆದಿಟ್ಟ ಬ್ಯಾಕ್ಟೀರಿಯಾದಲ್ಲೂ ಹೊರದೇಶದಿಂದ ತರಿಸಿದ ಕೋಳಿಮಾಂಸದಲ್ಲೂ ಅದೇ ಜೀನ್. ಚೀನಾದಲ್ಲೇ 1980ರ ದಶಕದಲ್ಲಿ ಕೋಳಿಗಳಿಂದ ತೆಗೆದಿಟ್ಟ ಮಾದರಿಗಳಲ್ಲೂ ಅದು ಕಂಡಿತು. ಮೂವತ್ತು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇಲ್ಲಿ ಹಲವರು ಬೆರೆಸಿಬಿಡುವ ಎರಡು ಸಂಗತಿಗಳನ್ನು ಬೇರೆಮಾಡಿ ನೋಡಬೇಕು. ಮಾಂಸದಲ್ಲಿ ಔಷಧಿಯ ಅಂಶ ಉಳಿಯುವುದು ಒಂದು. ಔಷಧಿಗೆ ಜಗ್ಗದ ಜೀವಂತ ಬ್ಯಾಕ್ಟೀರಿಯಾ ಇರುವುದು ಇನ್ನೊಂದು. ಕೊಯ್ಯುವುದಕ್ಕೆ ಕೆಲವು ದಿನ ಮೊದಲೇ ಔಷಧಿ ನಿಲ್ಲಿಸಿದರೆ ಮೊದಲನೆಯದು ಇಳಿಯುತ್ತದೆ, ಎರಡನೆಯದು ಅಷ್ಟು ಬೇಗ ಹೋಗುವುದಿಲ್ಲ. ಕೊಲಿಸ್ಟಿನ್ ವಿಷಯದಲ್ಲಂತೂ ಈ ವ್ಯತ್ಯಾಸ ಇನ್ನೂ ದೊಡ್ಡದು. ಬಾಯಿಯ ಮೂಲಕ ಕೊಟ್ಟ ಕೊಲಿಸ್ಟಿನ್ ರಕ್ತಕ್ಕೆ ಸೇರುವುದು ಬಲು ಕಡಿಮೆ. ಬಹುಪಾಲು ಕರುಳಿನಲ್ಲೇ ಉಳಿದು ಹಿಕ್ಕೆಯೊಡನೆ ಹೊರಬೀಳುತ್ತದೆ. ಹಾಗಾಗಿ ಮಾಂಸದ ತುಂಡಿನಲ್ಲಿ ಔಷಧಿ ಹುಡುಕಿದರೆ ಸಿಗದೆಯೂ ಹೋಗಬಹುದು, ಅದೇ ಪ್ರಾಣಿಯ ಕರುಳಿನ ಬ್ಯಾಕ್ಟೀರಿಯಾ ಅದರಲ್ಲಿ ನೆನೆದು ಪಳಗಿರಬಹುದು. 'ಔಷಧಿ ಅಂಶವಿಲ್ಲ' ಎಂಬ ಪ್ರಮಾಣಪತ್ರವೊಂದೇ ಸಾಲದು ಎಂದು ನಾನು ಹೇಳುವುದು ಇದಕ್ಕೆ. ಕಸಾಯಿಖಾನೆಯಲ್ಲಿ ಕರುಳಿನ ಮಾದರಿ ತೆಗೆದು ಬ್ಯಾಕ್ಟೀರಿಯಾ ಬೆಳೆಸಿ ನೋಡಬೇಕು. ಫಾರಂನಲ್ಲಿ ಏನು ತಿನ್ನಿಸಿದರು ಎಂಬುದು ಬಯಲಾಗುವ ಜಾಗ ಅದು; ಪಶುವೈದ್ಯರು ಕಣ್ಣಿನಿಂದ ನೋಡಿ ಮುದ್ರೆ ಒತ್ತುವುದರಿಂದ ಇದು ಗೊತ್ತಾಗದು.

ಚೀನಾ 2017ರಲ್ಲಿ ತೂಕ ಹೆಚ್ಚಿಸಲು ಮೇವಿಗೆ ಕೊಲಿಸ್ಟಿನ್ ಬೆರೆಸುವುದನ್ನು ನಿಲ್ಲಿಸಿತು. ಅದರ ಉತ್ಪಾದನೆ 2015ರಲ್ಲಿ 27,170 ಟನ್ ಇದ್ದದ್ದು 2018ಕ್ಕೆ 2,497 ಟನ್‌ಗೆ ಇಳಿಯಿತು. ಹಂದಿಗಳ ಇ. ಕೊಲೈಯಲ್ಲಿ ಕೊಲಿಸ್ಟಿನ್ ನಿರೋಧ 2015-16ರಲ್ಲಿ ನೂರಕ್ಕೆ 34 ಇತ್ತು. 2017-18ಕ್ಕೆ ನೂರಕ್ಕೆ 5ರ ಆಸುಪಾಸಿಗೆ ಬಂತು. ಇಷ್ಟು ಬೇಗ ಇಳಿದದ್ದು ನೋಡಿ ಮನಸ್ಸಿಗೆ ನಿಜಕ್ಕೂ ಧೈರ್ಯ ಬರುತ್ತದೆ. ನಮ್ಮ ಕೋಳಿ ಫಾರಂಗಳಲ್ಲೂ ಕೊಲಿಸ್ಟಿನ್ ಬಳಕೆಯಲ್ಲಿತ್ತು. 2019ರ ಜುಲೈನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನುಗಳಿಗೂ ಅವುಗಳ ಮೇವಿಗೂ ಕೊಲಿಸ್ಟಿನ್ ತಯಾರಿಸುವುದನ್ನು, ಮಾರುವುದನ್ನು ನಿಷೇಧಿಸಿತು. ಆದರೆ ಮೇವಿನ ಚೀಲ ಸೇರುವ ಪ್ರತಿಜೀವಕ ಇದೊಂದೇ ಅಲ್ಲ. ಟೆಟ್ರಾಸೈಕ್ಲಿನ್ ಗುಂಪಿನವೂ ಇವೆ.

ನಮ್ಮ ಊರುಗಳಲ್ಲಿ ಕೋಳಿಯನ್ನು ಅಂಗಡಿಯಲ್ಲೇ, ಗಿರಾಕಿಯ ಎದುರೇ ಕೊಯ್ದು ಕೊಡುತ್ತಾರೆ. ಒಂದೇ ಮರದ ದಿಮ್ಮಿ, ಒಂದೇ ಮಚ್ಚು, ಬೆಳಗಿನಿಂದ ಸಂಜೆಯವರೆಗೆ. ಮೊದಲು ತೊಂದರೆಗೆ ಸಿಕ್ಕುವುದು ಆ ಅಂಗಡಿಯಲ್ಲಿ ಬರಿಗೈಯಲ್ಲಿ ಕೆಲಸ ಮಾಡುವವರು. ಅವರ ಆರೋಗ್ಯದ ಮಾತನ್ನು ಯಾರೂ ಎತ್ತುವುದಿಲ್ಲ. ಮನೆಯಲ್ಲಿ ಸಾರು ಕುದಿಸುವವರು ಹೆದರಬೇಕಿಲ್ಲ. ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ಬಿಸಿಗೆ ಜಗ್ಗುತ್ತದೆ. ಮಾಂಸದ ಒಳಭಾಗ 70 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಚೆನ್ನಾಗಿ ಬೆಂದರೆ ಅದು ಸಾಯುತ್ತದೆ. ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಮಾತ್ರ ಸಿಡಿದ ಹನಿಗಳೊಡನೆ ಅದು ಸಿಂಕಿಗೂ ಪಕ್ಕದ ಪಾತ್ರೆಗಳಿಗೂ ಹಾರುತ್ತದೆ. ಊಟದ ಜೊತೆಗೆ ಹಸಿಯಾಗಿ ತಿನ್ನುವ ಈರುಳ್ಳಿ, ಸೌತೆಕಾಯಿ, ನಿಂಬೆಹೋಳುಗಳನ್ನು ಕೋಳಿಮಾಂಸಕ್ಕೆ ಕೈಹಾಕುವ ಮೊದಲೇ ಹೆಚ್ಚಿಟ್ಟು ಮುಚ್ಚಿಡಿ. ಅವುಗಳಿಗೆ ಬೇರೆ ಮಣೆ, ಬೇರೆ ಚಾಕು ಇರಲಿ.