ಕಾರ್ಡಿನ ಬೆಲೆ ಬೇರೆ, ಬಲ ಬೇರೆ

ಬಣ್ಣದ ಚಿತ್ರವಿರುವ ಆಟದ ಕಾರ್ಡುಗಳನ್ನು ಮಕ್ಕಳು ಕೂಡಿಡುವುದು, ತಮ್ಮತಮ್ಮಲ್ಲಿ ಬದಲಾಯಿಸಿಕೊಳ್ಳುವುದು ಈಗ ಹಲವು ಮನೆಗಳಲ್ಲಿ ಕಾಣುವ ಸಂಗತಿ. ಇಸ್ಪೀಟೆಂದು ಗದರುವ ಮೊದಲು ಪಾಲಕರು ಇದರೊಳಗಿನ ಲೆಕ್ಕ ಅರಿಯುವುದು ಒಳ್ಳೆಯದು. ಅದು ನಾವು ವ್ಯಾಪಾರಿಗಳು ದಿನವೂ ಮಾಡುವ ಲೆಕ್ಕವೇ.

ಈ ಬಗೆಯ ಆಟಗಳಿಗೆ ದಾರಿ ತೋರಿದ್ದು ‘ಮ್ಯಾಜಿಕ್: ದಿ ಗ್ಯಾದರಿಂಗ್’. ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರಚಿಸಿದ ಈ ಆಟ 1993ರಲ್ಲಿ ಹೊರಬಂತು. ಸಾಮಾನ್ಯವಾಗಿ ಇಬ್ಬರು ಆಡುತ್ತಾರೆ. ಒಬ್ಬೊಬ್ಬರಿಗೆ 20 ಜೀವ. ಎದುರಾಳಿಯ ಜೀವ ಸೊನ್ನೆಗಿಳಿಸಿದವನು ಗೆದ್ದ. ಮೊದಲು ಕೈಗೆ 7 ಕಾರ್ಡು, ಆಮೇಲೆ ಸರದಿಗೊಂದು. ಕಾರ್ಡು ಆಡಲು ‘ಮಾನಾ’ ಎಂಬ ಶಕ್ತಿಯನ್ನು ತೆರಬೇಕು. ಮಾನಾ ರೊಕ್ಕವಿದ್ದಂತೆ, ಕೈಯಲ್ಲಿನ ಕಾರ್ಡು ಸರಕಿದ್ದಂತೆ. ಎರಡೂ ಮಿತ.

ಮೊದಲ ಮುದ್ರಣದಲ್ಲೇ ಐದು ಕಾರ್ಡುಗಳಿದ್ದವು. ಐದಕ್ಕೂ ಖರ್ಚು 1 ಮಾನಾ, ಐದರ ಫಲವೂ 3. ‘ಹೀಲಿಂಗ್ ಸಾಲ್ವ್’ 3 ಜೀವ ಕೊಡುತ್ತದೆ. ‘ಲೈಟ್ನಿಂಗ್ ಬೋಲ್ಟ್’ 3 ಪೆಟ್ಟು ಹಾಕುತ್ತದೆ. ‘ಜೈಂಟ್ ಗ್ರೋತ್’ ಒಂದು ಪ್ರಾಣಿಯ ಬಲವನ್ನು ಆ ಸರದಿಯ ಮಟ್ಟಿಗೆ 3 ಏರಿಸುತ್ತದೆ. ‘ಡಾರ್ಕ್ ರಿಚುಯಲ್’ 3 ಮಾನಾ ಕೊಡುತ್ತದೆ. ‘ಆನ್ಸೆಸ್ಟ್ರಲ್ ರೀಕಾಲ್’ 3 ಕಾರ್ಡು ಕೊಡುತ್ತದೆ.

ನೋಡಲು ಸರಿಸಮ. ತೂಗಿದರೆ ಅಜಗಜಾಂತರ. ಸಾಲ್ವ್ ಆಡಿದಾಗ ಜೀವ ಬಂತು, ಕಾರ್ಡು ಹೋಯಿತು. ಎದುರಾಳಿಯ ಪ್ರಾಣಿಗಳು ಇದ್ದಲ್ಲೇ ಇವೆ. ಬೋಲ್ಟ್ ಆದರೋ ಎದುರಾಳಿ ಹೆಚ್ಚು ಮಾನಾ ತೆತ್ತು ತಂದ ಪ್ರಾಣಿಯನ್ನು ಒಂದೇ ಮಾನಾಕ್ಕೆ ಕೊಲ್ಲಬಲ್ಲದು. ರೀಕಾಲ್‌ನಲ್ಲಿ ಒಂದು ಕಾರ್ಡು ಹೋಗಿ ಮೂರು ಬರುತ್ತವೆ, ಬಂಡವಾಳವೇ ಬೆಳೆಯಿತು. ಅದಕ್ಕೇ ‘ಲೆಗಸಿ’ ಎಂಬ ಪಂದ್ಯಪದ್ಧತಿಯಲ್ಲಿ ಅದಕ್ಕೆ ನಿಷೇಧ, ‘ವಿಂಟೇಜ್’ನಲ್ಲಿ ಒಂದೇ ಪ್ರತಿಗೆ ಅವಕಾಶ. ಸಾಲ್ವನ್ನು ಯಾರೂ ತಡೆಯಲಿಲ್ಲ, ಆಡುವವರೂ ವಿರಳ.

ಆದ್ದರಿಂದ ಕಾರ್ಡನ್ನು ಹೀಗೆ ಪರೀಕ್ಷಿಸಬೇಕು: ಖರ್ಚೆಷ್ಟು? ಒಂದು ಕೊಟ್ಟು ಎಷ್ಟು ಪಡೆದೆ? ತಾನೊಂದೇ ಕೆಲಸ ಮಾಡುತ್ತದೆಯೇ, ಬೇರೆ ಕಾರ್ಡಿನ ಆಸರೆ ಬೇಕೇ? ಸೋಲುತ್ತಿರುವಾಗಲೂ ಉಪಯೋಗಕ್ಕೆ ಬರುತ್ತದೆಯೇ?

ತಯಾರಕರೂ ಇಲ್ಲಿ ಎಡವಿದ್ದುಂಟು. 2004ರ ‘ಸ್ಕಲ್‌ಕ್ಲ್ಯಾಂಪ್’ ತೊಡಿಸಿದ ಪ್ರಾಣಿಯ ತಾಳಿಕೆಯನ್ನು 1 ಇಳಿಸುತ್ತದೆ; ಆ ಪ್ರಾಣಿ ಸತ್ತರೆ 2 ಕಾರ್ಡು ಕೊಡುತ್ತದೆ. ತಾಳಿಕೆ ಇಳಿಯುವುದು ಕುಂದೆಂದು ಕಾಣುತ್ತಿತ್ತು. ಆದರೆ ತಾಳಿಕೆ 1 ಇದ್ದ ಪ್ರಾಣಿಗೆ ತೊಡಿಸಿದರೆ ಅದು ಆಗಲೇ ಸಾಯುತ್ತದೆ. 1 ಮಾನಾಕ್ಕೆ 2 ಕಾರ್ಡು ಕೈಗೆ! ಫೆಬ್ರುವರಿಯಲ್ಲಿ ಬಂದದ್ದನ್ನು ಜೂನ್‌ನಲ್ಲಿ ‘ಸ್ಟ್ಯಾಂಡರ್ಡ್’ ಪಂದ್ಯಗಳಿಂದ ನಿಷೇಧಿಸಬೇಕಾಯಿತು.

ಪೇಟೆಯ ಬೆಲೆ ಬಲವನ್ನಷ್ಟೇ ನೋಡಿ ಏರುವುದಿಲ್ಲ. ವಿರಳತೆ, ಹಳತನ, ಚಿತ್ರ, ಸಂಗ್ರಾಹಕರ ಆಸೆಯೂ ಸೇರುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಹೊಳೆಯುವ ಕಾರ್ಡಿನ ಆಸೆಗೆ ಮುಚ್ಚಿದ ಪೊಟ್ಟಣಗಳನ್ನು ಒಂದರ ಮೇಲೊಂದು ಒಡೆಯುವುದು ಕಾಣದ ಸರಕಿಗೆ ರೊಕ್ಕ ಸುರಿದಂತೆ. ಬೇಕಾದ ಒಂದು ಕಾರ್ಡನ್ನು ನೋಡಿ ಕೊಳ್ಳುವುದು ಲೇಸು.

ಮಗು ಕಾರ್ಡು ಬೇಡಿದಾಗ “ಇದು ಏನು ಮಾಡುತ್ತದೆ, ಅದಕ್ಕೆ ಏನು ತೆರಬೇಕು?” ಎಂದು ಕೇಳಿರಿ. ವಿವರಿಸಿ ಹೇಳಬಲ್ಲ ಮಗು ಕೊಡುಕೊಳ್ಳುವಿಕೆಯ ಮೊದಲ ಪಾಠ ಕಲಿತಿದೆ. ಹೇಳಲು ಬಾರದಿದ್ದರೆ ಕೊಳ್ಳುವುದನ್ನು ಒಂದು ವಾರ ಮುಂದೂಡಿರಿ.